ಇನ್ನೊಂದು ದ್ವೀಪದಲ್ಲಿ ಓದುವ ಹುಡುಗಿ



ಪಿಜಿ ಸೀಟುಗಳ ಕಾಲ ಇದು. ನಮ್ಮ ಮಕ್ಕಳು ಒಂದು ಬ್ಯಾಗು, ಒಂದು ಬಕೆಟ್ಟು, ಜಾತಿ ಪ್ರಮಾಣಪತ್ರದ ಹತ್ತು ಜೆರಾಕ್ಸು ಹಿಡ್ಕೊಂಡು ಕಲಬುರಗಿಗೋ ಹೈದರಾಬಾದಿಗೋ ದೆಹಲಿಗೋ ಹೊರಟಿದ್ದಾರೆ. ಅವರನ್ನು ಕಳಿಸಿಕೊಡುವ ನಮಗೆ ನಾವೇ ಹೇಳಿಕೊಳ್ಳಬೇಕಾದ ಮಾತೊಂದಿದೆ. ಅದನ್ನು ಈ ಸಲ ಜಮೈಕಾದಿಂದ ಶುರು ಮಾಡ್ತೀನಿ. ಉದ್ದ ಇದೆ, ಪುರುಸೊತ್ತಾದಾಗ ಓದಿ.

ನಾವೊಂದಷ್ಟು ಜನ ಭಾನುವಾರ ರಾತ್ರಿ ಆನ್‌ಲೈನಲ್ಲಿ ಸೇರಿ ಬಾಬಾಸಾಹೇಬರ ‘ಜಾತಿ ವಿನಾಶ’ ಓದ್ತಿದ್ವಿ. ಬೇರೆ ರಾಜ್ಯದವರೂ ಇದ್ದಿದ್ರಿಂದ ಇಂಗ್ಲಿಷಲ್ಲಿ ನಡೀತಿತ್ತು. ಅಲ್ಲಿಗೆ ಯಾರದೋ ಮೂಲಕ ಒಬ್ಬಳು ಕಪ್ಪು ಹುಡುಗಿ ಬಂದು ಕೂತಳು. ನಮಗೆ ರಾತ್ರಿ ಎಂಟು, ಅವಳಿಗೆ ಬೆಳಿಗ್ಗೆ ಒಂಬತ್ತೂವರೆ. ಓದು ಮುಗಿದ ಮೇಲೂ ನಮ್ಮಿಬ್ಬರ ವಾಟ್ಸಾಪ್ ವಾಯ್ಸ್ ಮೆಸೇಜು ನಿಲ್ಲಲಿಲ್ಲ. ನನ್ನ ಇಂಗ್ಲಿಷು ಆಫೀಸ್ ಟಿಪ್ಪಣಿಯ ಇಂಗ್ಲಿಷು, ಅವಳದ್ದು ಹಾಡಿದ ಹಾಗಿರೋ ಇಂಗ್ಲಿಷು. ಹೇಗೋ ಅರ್ಥ ಆಗುತ್ತೆ. ನನ್ನನ್ನ ‘ಆಂಟಿ’ ಅಂತಾಳೆ. ಅವರ ಕಡೆನೂ ದೊಡ್ಡ ಹೆಂಗಸರನ್ನ ಹಾಗೇ ಕರೆಯೋದಂತೆ. ಅವಳ ಹೆಸರು ಇಲ್ಲಿ ಹಾಕಲ್ಲ, ಬರೆಯೋದಕ್ಕೆ ಒಪ್ಪಿಗೆ ಮಾತ್ರ ಪಡೆದಿದ್ದೀನಿ.

ಅವಳ ಊರು ಡೊಮಿನಿಕಾ. ಡೊಮಿನಿಕನ್ ರಿಪಬ್ಲಿಕ್ ಬೇರೆ, ಇದು ಬೇರೆ. ಇಡೀ ದೇಶದ ಜನಸಂಖ್ಯೆ ಸುಮಾರು 70,000. ನಮ್ಮ ಕಡೆ ಒಂದು ತಾಲ್ಲೂಕು ಕೇಂದ್ರದಷ್ಟು. ಅವಳಮ್ಮ ಬಾಳೆಕಾಯಿ, ಕೆಸುವಿನ ಗೆಡ್ಡೆ ತುಂಬ್ಕೊಂಡು ದೋಣಿ ಹತ್ತಿ ಪಕ್ಕದ ದ್ವೀಪಗಳಿಗೆ ಹೋಗಿ ಮಾರಿ ಬರೋ ಹೆಂಗಸು. ಇಂಥ ವ್ಯಾಪಾರಿ ಹೆಂಗಸರಿಗೆ ಅಲ್ಲಿ ‘ಹಕ್‌ಸ್ಟರ್’ ಅಂತಾರೆ. 2017ರ ಸೆಪ್ಟೆಂಬರ್ 18ರಂದು ಮರಿಯಾ ಚಂಡಮಾರುತ ಆ ದ್ವೀಪಕ್ಕೆ ಅಪ್ಪಳಿಸಿದಾಗ ಇವರ ಮನೆ ಚಾವಣಿ ಹಾರಿಹೋಯ್ತು. ಹುಡುಗಿ ಆಗ ಸ್ಕೂಲಲ್ಲಿದ್ದಳು. ಆಮೇಲೆ ಊರಲ್ಲೇ ಇದ್ದ ದೂರಶಿಕ್ಷಣ ಕೇಂದ್ರದಲ್ಲಿ ಡಿಗ್ರಿ ಮುಗಿಸಿ, ಚರಿತ್ರೆಯಲ್ಲಿ ಎಂ.ಫಿಲ್ ಮಾಡೋಕೆ ಜಮೈಕಾದ ಮೋನಾಕ್ಕೆ ಹೋದಳು.

‘ಅದೂ ವೆಸ್ಟ್ ಇಂಡೀಸ್, ಇದೂ ವೆಸ್ಟ್ ಇಂಡೀಸ್, ಪಕ್ಕದೂರಿಗೆ ಹೋದ ಹಾಗೆ ತಾನೆ?’ ಅಂತ ನಮಗೆ ಅನ್ಸುತ್ತೆ. ನಮ್ಮ ಹುಡುಗರಿಗೆ ಆರ್‌ಸಿಬಿಯ ಗೇಲ್ ಗೊತ್ತು, ಹಿಂದಿನವರಿಗೆ ವಿವಿಯನ್ ರಿಚರ್ಡ್ಸ್ ಗೊತ್ತು. ಗೇಲ್ ಜಮೈಕಾದವನು, ರಿಚರ್ಡ್ಸ್ ಆಂಟಿಗಾದವನು, ಅವೆರಡೂ ಬೇರೆಬೇರೆ ದೇಶ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಡೊಮಿನಿಕಾದಿಂದ ಜಮೈಕಾಗೆ ಸುಮಾರು 1,600 ಕಿಲೋಮೀಟರ್. ಹೆಚ್ಚುಕಮ್ಮಿ ಬೆಂಗಳೂರಿಂದ ದೆಹಲಿಯಷ್ಟು, ಅದೂ ನಡುವೆ ಬರೀ ಸಮುದ್ರ. ಇವಳು ಎರಡು ವಿಮಾನ ಬದಲಿಸಿ ಹೋದಳು. ಟಿಕೆಟ್ಟಿನ ದುಡ್ಡಿಗೆ ಅಮ್ಮ ಎರಡು ವರ್ಷದ ಉಳಿತಾಯ ಕೊಟ್ಟರಂತೆ.

ಆ ವಿಶ್ವವಿದ್ಯಾಲಯದ ಕಥೆ ಕೇಳಿ. ಯೂನಿವರ್ಸಿಟಿ ಆಫ್ ದ ವೆಸ್ಟ್ ಇಂಡೀಸ್ 1948ರಲ್ಲಿ ಮೋನಾದಲ್ಲಿ ಶುರುವಾದಾಗ ಇದ್ದದ್ದು 33 ಜನ ವೈದ್ಯಕೀಯ ವಿದ್ಯಾರ್ಥಿಗಳು. ಬೇರೆಬೇರೆ ದ್ವೀಪಗಳಿಂದ ಬಂದವರು. ಎರಡನೇ ಮಹಾಯುದ್ಧದಲ್ಲಿ ಜಿಬ್ರಾಲ್ಟರಿಂದ ಕರೆತಂದ ಜನರನ್ನ ಇರಿಸಿದ್ದ ಮರದ ಶೆಡ್ಡುಗಳೇ ಮೊದಲ ಕಟ್ಟಡಗಳು. ಈ ದ್ವೀಪಗಳು 1958ರಲ್ಲಿ ಸೇರಿ ಒಂದು ಒಕ್ಕೂಟ ಕಟ್ಟಿದವು, 1962ರ ಹೊತ್ತಿಗೆ ಅದು ಮುರಿದುಬಿತ್ತು. ಒಬ್ಬೊಬ್ಬರೂ ಬೇರೆ ಬಾವುಟ ಮಾಡ್ಕೊಂಡ್ರು. ಆದ್ರೆ ಕ್ರಿಕೆಟ್ ತಂಡ ಮತ್ತು ವಿಶ್ವವಿದ್ಯಾಲಯವನ್ನ ಮಾತ್ರ ಪಾಲು ಮಾಡ್ಕೊಳ್ಳಲಿಲ್ಲ. ಸೇಂಟ್ ಲೂಸಿಯಾ ಅನ್ನೋ ಪುಟ್ಟ ದ್ವೀಪದ ಆರ್ಥರ್ ಲೂಯಿಸ್ ಅದರ ಮೊದಲ ಕುಲಪತಿ, ಮುಂದೆ 1979ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅದೇ ದ್ವೀಪದ ಡೆರೆಕ್ ವಾಲ್ಕಾಟ್ ಮೋನಾದಲ್ಲಿ ಓದಿದವರು, 1992ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಒಂದೊಂದು ದ್ವೀಪವೂ ಒಂಟಿಯಾಗಿ ಕಟ್ಟೋಕಾಗದೇ ಇದ್ದದ್ದನ್ನ ಸೇರಿ ಕಟ್ಟಿದ್ರು.

ಅದು ನಿಂತಿರೋ ನೆಲ ಕಬ್ಬಿನ ಎಸ್ಟೇಟು. ಮೋನಾ, ಪಪೀನ್ ಅನ್ನೋ ಎರಡು ತೋಟಗಳಲ್ಲಿ ಆಫ್ರಿಕಾದಿಂದ ಹೊತ್ತುತಂದ ಗುಲಾಮರು ಕಬ್ಬು ಕಡಿದು ಅರೆದ ಜಾಗ. ಕಲ್ಲು ಕಮಾನುಗಳ ಮೇಲೆ ನೀರು ಹರಿಸುತ್ತಿದ್ದ ಹಳೇ ಕಾಲುವೆ ಕ್ಯಾಂಪಸ್ ನಡುವೆ ಇವತ್ತಿಗೂ ನಿಂತಿದೆ. ಕ್ಯಾಂಪಸ್ಸಿನ ಚರ್ಚು ಕೂಡ ಬೇರೊಂದು ಕಬ್ಬಿನ ಎಸ್ಟೇಟಿನ ಕಟ್ಟಡ, ಒಂದೊಂದೇ ಕಲ್ಲು ಬಿಚ್ಚಿ ತಂದು ಮತ್ತೆ ಜೋಡಿಸಿದ್ದು. ಮೇಲೆ ಹಳೇ ಮಾಲೀಕನ ಹೆಸರು, 1799 ಅನ್ನೋ ಇಸವಿ ಹಾಗೇ ಇದೆ. ‘ಆಂಟಿ, ದಿನಾ ಲೈಬ್ರರಿಗೆ ಹೋಗುವಾಗ ಯಜಮಾನನ ಹೆಸರು ಓದ್ಕೊಂಡೇ ಹೋಗ್ತೀನಿ’ ಅಂದಳು. ಗೌಡರ ಹೆಸರಿನ ಕಟ್ಟೆ ಮುಂದೆ ಸ್ಕೂಲಿಗೆ ನಡೆದುಹೋದ ನನಗೆ ಇದನ್ನ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳಿಗೆ ಬಾಡಿಗೆ ರೂಮು ಸಿಕ್ಕಿದ್ದು ಕ್ಯಾಂಪಸ್ ಪಕ್ಕದ ಆಗಸ್ಟ್ ಟೌನಲ್ಲಿ. 1838ರ ಆಗಸ್ಟ್ 1ರಂದು ಗುಲಾಮರಿಗೆ ಪೂರ್ತಿ ಬಿಡುಗಡೆ ಸಿಕ್ಕಿತಲ್ಲ, ಆ ಆಗಸ್ಟಿನ ಹೆಸರೇ ಊರಿಗೆ ಬಂತು ಅಂತಾರೆ. ಬಡವರ ಕೇರಿ. ಗಲಾಟೆ, ಗುಂಡೇಟಿಗೆ ಹೆಸರಾಗಿದ್ದ ಜಾಗ. ಆದ್ರೆ 2016ರಲ್ಲಿ ಇಡೀ ವರ್ಷ ಅಲ್ಲಿ ಒಂದು ಕೊಲೆಯೂ ಆಗಲಿಲ್ಲ ಅನ್ನೋದು ದೇಶಕ್ಕೇ ಸುದ್ದಿ ಆಗಿತ್ತು. ‘ಅಲ್ಲಿ ಯಾಕೆ ಇರ್ತೀಯಾ’ ಅಂತ ಜೊತೆಯವರು ಕೇಳಿದ್ರಂತೆ. ಬಾಡಿಗೆ ಕಮ್ಮಿ, ಅದಕ್ಕೇ. ನಮ್ಮ ಮಕ್ಕಳೂ ಹೇಳೋ ಉತ್ತರ ಇದೇ.

ಮೊದಲ ತಿಂಗಳು ದುಡ್ಡಿನ ಲೆಕ್ಕವೇ ಹತ್ತಲಿಲ್ಲ. ಅವರೂರಿನ ಒಂದು ಡಾಲರಿಗೆ ಜಮೈಕಾದ ಐವತ್ತಕ್ಕೂ ಹೆಚ್ಚು ಡಾಲರು. ಅಂಗಡೀಲಿ ಸಾವಿರದ ನೋಟು ಕೊಡುವಾಗ ಕೈ ನಡುಗ್ತಿತ್ತಂತೆ. ಆಮೇಲೆ ನೀರು. ಡೊಮಿನಿಕಾದವರು ನಮ್ಮಲ್ಲಿ ವರ್ಷದ ದಿನಕ್ಕೊಂದರಂತೆ 365 ಹೊಳೆ ಅಂತ ಹೇಳ್ಕೋತಾರೆ. ಅಂಥ ಊರಿನ ಹುಡುಗಿ ಕಿಂಗ್‌ಸ್ಟನ್ನಲ್ಲಿ ಬರ ಬಂದಾಗ ಬಕೆಟ್ಟಲ್ಲಿ ನೀರು ಹಿಡಿದಿಟ್ಟು ಕಾಯೋದು ಕಲಿತಳು. ಬೆಂಗಳೂರಲ್ಲಿ ಪಿಜಿ ರೂಮಲ್ಲಿರೋ ನಮ್ಮ ಹುಡುಗಿಯರಿಗೆ ಇದು ಹೊಸದಲ್ಲ ಬಿಡಿ.

ನನಗೆ ಬಹಳ ಇಷ್ಟ ಆಗಿದ್ದು ಸೊಪ್ಪಿನ ಕಥೆ. ಅವರೂರಲ್ಲಿ ‘ಕಲಲೂ’ ಅಂದ್ರೆ ಕೆಸುವಿನ ಎಲೆ ಹಾಕಿ ಮಾಡೋ ಗಟ್ಟಿ ಸಾರು. ಊರು ನೆನಪಾಗಿ ಪಪೀನ್ ಮಾರ್ಕೆಟ್ಟಿಗೆ ಹೋಗಿ ‘ಕಲಲೂ ಕೊಡಿ’ ಅಂದಿದ್ದಾಳೆ. ಕೊಟ್ಟಿದ್ದು ನಮ್ಮ ದಂಟಿನ ಸೊಪ್ಪಿನ ಜಾತಿಯದ್ದು! ಜಮೈಕಾದಲ್ಲಿ ಆ ಹೆಸರು ಅದಕ್ಕೆ. ‘ಇದಲ್ಲ’ ಅಂತ ಇವಳು, ‘ಇದೇ’ ಅಂತ ಅವಳು. ಹಿಂದೆ ನಿಂತಿದ್ದವರು ನಕ್ಕರಂತೆ. ಇದು ಸಣ್ಣ ವಿಷಯ ಅನ್ನಿಸಬಹುದು. ಮನೆ ಬಿಟ್ಟು ಮೂರು ವಾರ ಆದವರಿಗೆ ಸೊಪ್ಪಿನ ಹೆಸರು ಕೂಡ ಕೈಕೊಟ್ಟರೆ ಹೇಗಾಗುತ್ತೆ ಅನ್ನೋದು ಹಾಸ್ಟೆಲ್ ಊಟ ಮಾಡಿದವರಿಗೆ ಗೊತ್ತು.

ಭಾಷೆನೂ ಹಾಗೇ. ಎರಡೂ ಕಡೆ ಸರ್ಕಾರಿ ಭಾಷೆ ಇಂಗ್ಲಿಷು. ಆದ್ರೆ ಇವಳ ಅಜ್ಜಿಯ ಭಾಷೆ ಕ್ವೆಯೋಲ್, ಫ್ರೆಂಚ್ ಮೂಲದ್ದು. ಜಮೈಕಾದವರ ಪಾಟ್ವಾ ಇಂಗ್ಲಿಷ್ ಮೂಲದ್ದು. ಎರಡಕ್ಕೂ ಬೆನ್ನೆಲುಬು ಆಫ್ರಿಕಾ. ಎರಡನ್ನೂ ಶಾಲೆಗಳಲ್ಲಿ ‘ಹಾಳು ಭಾಷೆ’ ಅಂತ ಮಕ್ಕಳ ಬಾಯಿ ಮುಚ್ಚಿಸಿದ್ದವರೇ. ಇವಳಿಗೆ ಮೊದಲು ಕಲಿಯಬೇಕಾಗಿ ಬಂದ ಪಾಟ್ವಾ ಮಾತು ‘ಸೂನ್ ಕಮ್’. ‘ಈಗ ಬಂದೆ’ ಅಂತ ಅರ್ಥ. ಹತ್ತು ನಿಮಿಷನೂ ಆಗಬಹುದು, ಸಾಯಂಕಾಲನೂ ಆಗಬಹುದು. ನಾನು ಗುಮಾಸ್ತೆ, ನಕ್ಕುಬಿಟ್ಟೆ. ‘ಆಮೇಲೆ ಬಾರಮ್ಮ, ಸಾಹೇಬ್ರು ಊಟಕ್ಕೆ ಹೋಗಿದ್ದಾರೆ’ ಅನ್ನೋದು ಆ ದ್ವೀಪಕ್ಕೂ ತಲುಪಿದೆ.

ನಗು ಅಲ್ಲಿಗೇ ನಿಂತಿತು. ಜೊತೆಗಿದ್ದ ಬಾಡಿಗೆಯವಳೊಬ್ಬಳು ಒಂದಿನ ಅಡುಗೆಮನೇಲಿ ಪಾತ್ರೆ ವಿಷಯಕ್ಕೆ ಜಗಳ ತೆಗೆದು ಇವಳಿಗೆ ‘ಸ್ಮಾಲ್ ಐಲ್ಯಾಂಡ್’ ಅಂದಳಂತೆ. ಸಣ್ಣ ದ್ವೀಪದವಳು. ಕೇಳೋಕೆ ಬೈಗುಳ ಅಲ್ಲ. ಆದ್ರೆ ಅದರೊಳಗೆ ಹಳ್ಳಿಗುಗ್ಗು, ಗತಿ ಇಲ್ಲದವಳು, ನಮ್ಮೂರಿಗೆ ಬದುಕೋಕೆ ಬಂದವಳು, ಎಲ್ಲಾ ಇದೆ. ಅಂದವಳೂ ಕಪ್ಪು, ಅನ್ನಿಸಿಕೊಂಡವಳೂ ಕಪ್ಪು. ಇಬ್ಬರ ಮುತ್ತಜ್ಜಿಯರೂ ಒಂದೇ ಥರದ ಹಡಗಲ್ಲಿ ಸರಪಳಿ ಹಾಕಿಸಿಕೊಂಡು ಬಂದವರು. ‘ನಿಮ್ಮ ಪುಸ್ತಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಅಸಮಾನತೆ ಅಂತ ಓದಿದ್ವಲ್ಲ ಆಂಟಿ, ಅದು ಅವತ್ತು ಅಡುಗೆಮನೇಲಿ ಅರ್ಥ ಆಯ್ತು’ ಅಂದಳು. ಜಾತಿ ಮತ್ತು ಇದು ಒಂದೇ ಅಂತ ನಾನು ಹೇಳ್ತಿಲ್ಲ. ಸಣ್ಣ ದ್ವೀಪದವಳು ಮುಟ್ಟಿದರೆ ಅಲ್ಲಿ ಯಾರೂ ಸ್ನಾನ ಮಾಡಲ್ಲ. ಆದ್ರೆ ತುಳಿಸಿಕೊಂಡವರು ತಮಗಿಂತ ಕೆಳಗೊಬ್ಬರನ್ನ ಹುಡುಕಿಕೊಳ್ಳೋ ರೋಗ ನಮಗೇನು ಗೊತ್ತಿಲ್ವಾ? ಎಡ ಬಲ ಅಂತ ನಾವು ಆಡಿಕೊಂಡದ್ದು ಸಾಲದಾ?

ಅದೇ ಮೋನಾದಲ್ಲಿ ಇನ್ನೊಂದು ಚರಿತ್ರೆನೂ ಇದೆ. ಗಯಾನಾದ ವಾಲ್ಟರ್ ರಾಡ್ನಿ ಅಲ್ಲಿ ಹೊರಗಿಂದ ಬಂದ ವಿದ್ಯಾರ್ಥಿಯಾಗಿ ಚರಿತ್ರೆ ಓದಿದವರು. ಲಂಡನ್ನಲ್ಲಿ ಪಿಎಚ್.ಡಿ. ಮುಗಿಸಿ 1968ರಲ್ಲಿ ಮೋನಾಕ್ಕೆ ಮೇಷ್ಟ್ರಾಗಿ ವಾಪಸ್ ಬಂದರು. ಕ್ಲಾಸ್‌ರೂಮಲ್ಲಿ ಪಾಠ ಮುಗಿಸಿ ಸುಮ್ಮನಾಗಲಿಲ್ಲ. ಕಿಂಗ್‌ಸ್ಟನ್ನಿನ ಬಡ ಕೇರಿಗಳಿಗೆ ಹೋಗಿ, ರಾಸ್ತಫಾರಿಗಳ ಜೊತೆ ನೆಲದ ಮೇಲೆ ಕೂತು ಆಫ್ರಿಕಾದ ಚರಿತ್ರೆ ಮಾತಾಡಿದರು. ಸರ್ಕಾರಕ್ಕೆ ಭಯ ಆಯ್ತು. ಆ ವರ್ಷ ಅಕ್ಟೋಬರ್ 15ರಂದು ಕೆನಡಾದ ಸಭೆಯಿಂದ ವಾಪಸ್ ಬಂದವರನ್ನ ವಿಮಾನದಿಂದ ಇಳಿಯೋಕೂ ಬಿಡಲಿಲ್ಲ. ಮಾರನೇ ದಿನ ವಿದ್ಯಾರ್ಥಿಗಳು ಕ್ಯಾಂಪಸ್ಸಿಂದ ಬೀದಿಗಿಳಿದರು, ಕೇರಿ ಜನ ಸೇರಿಕೊಂಡ್ರು, ನಗರ ಹೊತ್ತಿಕೊಂಡಿತು. ಹೊರಗಿನವನೊಬ್ಬನಿಗಾಗಿ ಆ ದ್ವೀಪದವರು ಲಾಠಿ ತಿಂದರು. ನಮ್ಮ ಹಿರಿಯರು ದಸಂಸ ಕಾಲದಲ್ಲಿ ಕೇರಿ ಕೇರಿಯಲ್ಲಿ ಶಿಬಿರ ಮಾಡಿದ್ದನ್ನ ನಾನು ಅವಳಿಗೆ ಹೇಳಿದೆ. ‘ಹಾಗಾದ್ರೆ ನಿಮ್ಮಲ್ಲೂ ರಾಡ್ನಿ ಇದ್ರು’ ಅಂದಳು. ಇದ್ದರು ಕಣಮ್ಮ, ಊರಿಗೊಬ್ಬರು ಇದ್ದರು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಅವಳ ಸ್ಕಾಲರ್‌ಶಿಪ್ಪು ಮೂರನೇ ತಿಂಗಳಿಗೆ ನಿಂತುಹೋಯ್ತು. ಕೊಡೋರು ಯಾರು ಅಂತ ಬರೆಯಲ್ಲ. ಯಾವುದೋ ಕಾಗದ ಯಾವುದೋ ಟೇಬಲ್ ಮೇಲಿತ್ತು. ಸೂನ್ ಕಮ್. ಎರಡು ತಿಂಗಳು ಬೆಳಿಗ್ಗೆ ಚಹಾ, ಮಧ್ಯಾಹ್ನ ಒಂದು ಪ್ಯಾಟಿ (ಅಲ್ಲಿನ ಪಫ್ಸು), ರಾತ್ರಿ ಏನೂ ಇಲ್ಲ. ‘ವಾಪಸ್ ಹೋಗಿಬಿಡ್ತೀನಿ’ ಅಂತ ಒಂದು ರಾತ್ರಿ ಅಳ್ತಾ ಮೆಸೇಜ್ ಹಾಕಿದಳು. ವಾಪಸ್ ಹೋಗೋಕೂ ಟಿಕೆಟ್ಟಿಗೆ ದುಡ್ಡಿರಲಿಲ್ಲ.

ಅವಳು ಉಳಿದಿದ್ದು ಹೇಗೆ? ಧೈರ್ಯದಿಂದ ಅಂತ ಬರೆದರೆ ಚೆನ್ನಾಗಿರುತ್ತೆ, ಆದ್ರೆ ನಿಜ ಅದಲ್ಲ. ಮನೆ ಓನರ್ ಆಂಟಿ ಬಾಡಿಗೆ ಕೇಳಲಿಲ್ಲ. ಭಾನುವಾರ ಕರೆದು ಆಕಿ ಮತ್ತು ಉಪ್ಪುಮೀನು ಬಡಿಸಿದಳು. ಆಕಿ ಹಣ್ಣು ಮರದಲ್ಲೇ ತಾನಾಗಿ ಬಾಯಿ ಬಿಡಬೇಕು, ಅದಕ್ಕೆ ಮುಂಚೆ ಕಿತ್ತು ತಿಂದರೆ ವಿಷ ಅಂತ ಹೇಳಿಕೊಟ್ಟಳು. ಉಪ್ಪುಮೀನು ಒಂದು ಕಾಲದಲ್ಲಿ ಗುಲಾಮರಿಗೆ ಅಗ್ಗಕ್ಕೆ ಹಾಕ್ತಿದ್ದ ತಿಂಡಿ, ಇವತ್ತು ಅದು ಸೇರಿದ್ದೇ ದೇಶದ ರಾಷ್ಟ್ರೀಯ ಊಟ. ನಮ್ಮ ಬೋಟಿ, ತಲೆಕಾಲು ಸಾರಿನ ಬಗ್ಗೆ ಮೂಗು ಮುರಿಯೋರಿಗೆ ಇದನ್ನ ಹೇಳಿ. ಡೊಮಿನಿಕಾದ ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಕೈಗೂಡಿಸಿ ಒಂದಿಷ್ಟು ದುಡ್ಡು ಕೊಟ್ಟರು. ಮೇಲಿನ ವರ್ಷದ ಒಬ್ಬ ಹುಡುಗ ಅವಳ ಜೊತೆ ಆಫೀಸಿಗೆ ನಡೆದು, ಕಾಗದ ಯಾವ ಟೇಬಲ್ಲಲ್ಲಿದೆ ಅಂತ ಪತ್ತೆ ಹಚ್ಚಿದ. ಐದನೇ ತಿಂಗಳು ದುಡ್ಡು ಬಂತು. ಈಗ ಅವಳು ಲೈಬ್ರರಿಯ ಹಳೇ ಕಾಗದಗಳಲ್ಲಿ ಅಮ್ಮನಂಥ ಹಕ್‌ಸ್ಟರ್ ಹೆಂಗಸರ ಚರಿತ್ರೆ ಹುಡುಕ್ತಿದ್ದಾಳೆ.

‘ಹೊಸ ಜಾಗಕ್ಕೆ ಹೊಂದಿಕೊಳ್ಳಬೇಕು’ ಅಂತ ನಾವು ಮಕ್ಕಳಿಗೆ ಬುದ್ಧಿ ಹೇಳ್ತೀವಿ. ಹೊಂದಿಕೊಳ್ಳೋದು ಹೋದವರ ಒಬ್ಬರದೇ ಕೆಲಸ ಅಲ್ಲ ಬಂಧುಗಳೇ. ಅದು ಮೊದಲು ಅಲ್ಲಿರೋರ ಕೆಲಸ, ಕಳಿಸಿದವರ ಕೆಲಸ. ರೋಹಿತ್ ವೇಮುಲಗೆ ತಿಂಗಳುಗಟ್ಟಲೆ ಫೆಲೋಶಿಪ್ ಬರಲಿಲ್ಲ. ಹಾಸ್ಟೆಲಿಂದ ಹೊರಗೆ ಹಾಕಿದ ಮೇಲೆ ಬಯಲಲ್ಲಿ ಮಲಗಿದ. 2016ರ ಜನವರಿ 17ರಂದು ನಾವು ಅವನನ್ನ ಕಳ್ಕೊಂಡ್ವಿ. ನಾನು ಇಪ್ಪತ್ತು ವರ್ಷದಿಂದ ಫೈಲು ನೋಡ್ತಿರೋಳು. ಒಂದು ಬಿಲ್ಲು ಮೇಜಿನ ಮೇಲೆ ಒಂದು ವಾರ ಮಲಗಿದರೆ ಅದು ಎಲ್ಲೋ ಒಂದು ಮಗುವಿನ ಏಳು ರಾತ್ರಿಯ ಊಟ. ನನ್ನ ಥರದ ಗುಮಾಸ್ತರು ಇದನ್ನ ಓದ್ತಿದ್ರೆ, ನಾಳೆ ಬೆಳಿಗ್ಗೆ ಮೊದಲು ಆ ಫೈಲು ತೆಗೀರಿ.

ಉಳಿದವರಿಗೆ ನಾಲ್ಕು ಮಾತು. ನಿಮ್ಮೂರಿಂದ ಹೊರಗಡೆ ಪಿಜಿ, ಪಿಎಚ್.ಡಿ.ಗೆ ಹೋಗೋ ಮಕ್ಕಳ ಪಟ್ಟಿ ಮಾಡಿ. ಆ ಊರಲ್ಲಿ ಈಗಾಗಲೇ ಓದ್ತಿರೋ ನಮ್ಮವರ ಒಂದು ನಂಬರ್ ಅವರ ಕೈಗೆ ಕೊಡಿ. ಮೊದಲ ಮೂರು ತಿಂಗಳು ಸ್ಕಾಲರ್‌ಶಿಪ್ ಬರಲ್ಲ ಅಂತಲೇ ಲೆಕ್ಕ ಹಾಕಿ, ಸಂಘದ ಕಡೆಯಿಂದ ಸಾಲವಾಗಿ ಆದರೂ ಒಂದಿಷ್ಟು ಕೂಡಿಸಿಡಿ. ಆಮೇಲೆ ವಾರಕ್ಕೊಂದು ಸಲ ಫೋನ್ ಮಾಡಿ, ‘ಓದ್ತಿದ್ದೀಯಾ’ ಅಂತ ಕೇಳೋದಕ್ಕೆ ಮುಂಚೆ ‘ಊಟ ಆಯ್ತಾ’ ಅಂತ ಕೇಳಿ.

ಚಿಕ್ಕ ಚಿಕ್ಕ ದ್ವೀಪಗಳು ಸೇರಿ ಒಂದು ವಿಶ್ವವಿದ್ಯಾಲಯ ಕಟ್ಟಿ ಮುಕ್ಕಾಲು ಶತಮಾನ ದಾಟಿಸಿವೆ. ನಾವು ಒಂದು ಫೋನ್ ನಂಬರ್ ಪಟ್ಟಿಯಿಂದ ಶುರು ಮಾಡೋಣ. ಯಾವ ಊರಲ್ಲಿ ಯಾರಿದ್ದೀರಿ, ಕಾಮೆಂಟಲ್ಲಿ ಊರಿನ ಹೆಸರು ಮಾತ್ರ ಹಾಕಿ. ನಂಬರ್ ಇನ್‌ಬಾಕ್ಸಿಗೆ ಕಳಿಸಿ.

ಜೈಭೀಮ್.