ಕಷಾಯಕ್ಕೂ ಒಂದು ಲೆಕ್ಕ

‘ಅಮ್ಮನಿಗೆ ಹೊಟ್ಟೆ ಸರಿಯಿಲ್ಲ’ ಎಂದರೆ ಪುಣೆಯ ನಮ್ಮ ಮನೆಯಲ್ಲಿ ಮೊದಲು ಒಲೆ ಹತ್ತುತ್ತದೆ; ಡಾಕ್ಟರರ ನೆನಪಾಗುವುದು ಆಮೇಲೆ. ಶುಂಠಿ, ಜೀರಿಗೆ, ಜ್ಯೇಷ್ಠಮಧು ಹಾಕಿ ಕುದಿಸಿದ ಕಷಾಯದ ಮೇಲೆ ನಮಗೆ ಅಷ್ಟು ಭರವಸೆ. ಆ ಭರವಸೆಗೆ ಲೆಕ್ಕವೂ ಬೇಕೆಂದು ನಮಗೆ ತಿಳಿದದ್ದು ಜಪಾನಿನಲ್ಲಿ.

ನಮ್ಮ ಮಗಳು ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸದಲ್ಲಿದ್ದಾಳೆ. ಕಳೆದ ಚಳಿಗಾಲದಲ್ಲಿ ನಾವಿಬ್ಬರೂ ಅವಳಲ್ಲಿಗೆ ಹೋಗಿದ್ದೆವು. ಆಶ್ರಮ ನೋಡೋಣವೆಂದು ಹೊರಟರೆ ಬಾಗಿಲಲ್ಲೇ ತಡೆದರು. ಒಳಗೆ ಇಬ್ಬರು ವೃದ್ಧರಿಗೆ ವಾಂತಿ-ಭೇದಿ. ಚಳಿಗಾಲದಲ್ಲಿ ಅಲ್ಲಿ ನೋರೋವೈರಸ್ ಕಾಟ ಹೆಚ್ಚು. ಒಬ್ಬರಿಂದೊಬ್ಬರಿಗೆ ಬೇಗ ಹಬ್ಬುತ್ತದೆ. ಮುಪ್ಪಿನಲ್ಲಿ ಮೈಯ ನೀರು ಬತ್ತಿದರೆ ಪ್ರಾಣಕ್ಕೇ ಸಂಚಕಾರ.

ರಾತ್ರಿ ಮಗಳು ಹೇಳಿದ್ದನ್ನು ಕೇಳಿ ಬೆರಗಾದೆವು. ಉಪ್ಪು-ಸಕ್ಕರೆ ಬೆರೆಸಿದ ನೀರು, ಬೇಕಾದರೆ ಡ್ರಿಪ್, ನೆಲಕ್ಕೆ ಕ್ಲೋರಿನ್ ದ್ರಾವಣ, ಇವುಗಳ ಜೊತೆಗೆ ಡಾಕ್ಟರರು ‘ಗೋರೇಸಾನ್’ ಎಂಬ ಪುಡಿಯನ್ನೂ ಬರೆದಿದ್ದರಂತೆ. ದಾಲ್ಚಿನ್ನಿಯೂ ಸೇರಿ ಐದು ಸಾಮಾನುಗಳ ಈ ಔಷಧಿ ಸುಮಾರು 1800 ವರ್ಷಗಳ ಹಿಂದಿನ ಚೀನೀ ವೈದ್ಯಗ್ರಂಥದ್ದು. ಚೀನಾದಿಂದ ಬಂದು ಜಪಾನಿನದೇ ಆಗಿ ಬೆಳೆದ ಈ ವೈದ್ಯಕ್ಕೆ ‘ಕಂಪೋ’ ಎಂದು ಹೆಸರು. ಪುಡಿಯಲ್ಲಿ ಕಂಪಿಗಿಂತ ಕಹಿಯೇ ಹೆಚ್ಚೆಂದು ಮಗಳ ವರದಿ! 1976ರಲ್ಲಿ ಇಂಥ ಅನೇಕ ಔಷಧಿಗಳನ್ನು ಅಲ್ಲಿನ ಆರೋಗ್ಯ ವಿಮೆಗೆ ಸೇರಿಸಿದರು. ಈಗ 148 ಬಗೆಗಳಿಗೆ ವಿಮೆಯುಂಟು. ಇಂಗ್ಲಿಷ್ ಮಾತ್ರೆ ಬರೆಯುವ ಡಾಕ್ಟರರೇ ಇವನ್ನೂ ಬರೆಯುತ್ತಾರೆ.

ಊಟ ಸೇರದ ಇನ್ನೊಬ್ಬ ವೃದ್ಧೆಗೆ ‘ರಿಕ್ಕುನ್ಶಿತೋ’, ಎಂದರೆ ಆರು ಸಜ್ಜನರ ಕಷಾಯ. ಹೆಸರಿಗೆ ಆರು, ಸಾಮಾನು ಎಂಟು: ಜಿನ್ಸೆಂಗ್ ಬೇರು, ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆ, ಶುಂಠಿ, ಜ್ಯೇಷ್ಠಮಧು ಇತ್ಯಾದಿ.

“ಹಾಗಾದರೆ ಇದು ನಮ್ಮ ಅಮ್ಮನ ಕಷಾಯವೇ!” ಎಂದು ನಾವು ಹಿಗ್ಗಿದೆವು. ಮಗಳು ಹಿಗ್ಗಲಿಲ್ಲ.

“ಅಪ್ಪಾ, ಅಜ್ಜಿ ದಿನಾ ಎಷ್ಟು ಲೋಟ ಕುಡೀತಾರೆ? ಬಿ.ಪಿ. ಮಾತ್ರೆ ಕೊಡೋ ಡಾಕ್ಟರಿಗೆ ಹೇಳಿದ್ದೀರಾ?”

ಜ್ಯೇಷ್ಠಮಧು ಹೆಚ್ಚಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು, ರಕ್ತದೊತ್ತಡ ಏರಿ, ಕಾಲು ಬಾಯಬಹುದು. ವಯಸ್ಸಾದವರಿಗೆ, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಭಯ ಇನ್ನೂ ಹೆಚ್ಚು. ಆದ್ದರಿಂದ ಅವಳ ಆಶ್ರಮದಲ್ಲಿ ಪುಡಿಯ ತೂಕ, ಕೊಟ್ಟ ಹೊತ್ತು ಎಲ್ಲವನ್ನೂ ಬರೆದಿಡುತ್ತಾರೆ. ಕಾಲು ಒತ್ತಿ ನೋಡುತ್ತಾರೆ. ರಕ್ತ ಪರೀಕ್ಷೆ ಮಾಡಿಸುತ್ತಾರೆ.

ನಮಗೆ ಎದೆ ಧಸಕ್ಕೆಂದಿತು. ಅಮ್ಮನ ಕಾಲು ಎರಡು ತಿಂಗಳಿಂದ ಬಾತಿತ್ತು. ವಯಸ್ಸಿನ ಲಕ್ಷಣವೆಂದು ನಾವು ಸುಮ್ಮನಿದ್ದೆವು. ಕೂಡಲೇ ಪುಣೆಗೆ ಫೋನ್ ಮಾಡಿ, ಕಷಾಯ ನಿಲ್ಲಿಸಿ ಡಾಕ್ಟರರಿಗೆ ತೋರಿಸುವಂತೆ ತಮ್ಮನಿಗೆ ಹೇಳಿದೆವು. ಪೊಟ್ಯಾಸಿಯಂ ಇಳಿದೇ ಇತ್ತು. ಚಿಕಿತ್ಸೆಯಾಗಿ, ಕೆಲವು ವಾರಗಳಲ್ಲಿ ಬಾವೂ ಇಳಿಯಿತು.

ಹೆತ್ತವರನ್ನು ಊರಿನಿಂದ ಕರೆತಂದು ಇಟ್ಟುಕೊಂಡಿರುವ ಮನೆಗಳು ನಮ್ಮ ಸಂಘದಲ್ಲಿ ಎಷ್ಟೋ. ಕಷಾಯ ಬಿಡಿ ಎಂದು ನಾವು ಹೇಳುತ್ತಿಲ್ಲ. ಮಾತ್ರೆಗಳ ಪಟ್ಟಿಯಲ್ಲಿ ಅದನ್ನೂ ಬರೆದು ಡಾಕ್ಟರರಿಗೆ ತೋರಿಸಿ ಎನ್ನುತ್ತೇವೆ, ಅಷ್ಟೇ.

ನಮ್ಮ ಅಮ್ಮನಿಗೆ ಈಗ ಬರಿಯ ಶುಂಠಿ-ಜೀರಿಗೆ ಕಷಾಯ. ಜಪಾನಿನ ಕಥೆಯನ್ನೆಲ್ಲ ಕೇಳಿಸಿಕೊಂಡು ಲೋಟ ಕೆಳಗಿಟ್ಟು ಅಂದರು: “ಆರು ಸಜ್ಜನರಲ್ಲಿ ಒಬ್ಬನನ್ನು ಮನೆ ಬಿಡಿಸಿಬಿಟ್ಟಿರಲ್ಲೋ!”