ಅಜ್ಜಿಯ ದನಿಯೂ ನಮ್ಮ ಡ್ಯಾಕೂ

ನಮ್ಮ ರೂಮಿನಲ್ಲಿ ಮೂವರು. ಒಬ್ಬ ಹಾಸನದ ಕಡೆಯವನು, ಒಬ್ಬ ಧಾರವಾಡದವನು, ಇನ್ನೊಬ್ಬ ಬೆಂಗಳೂರಿನಲ್ಲೇ ಹುಟ್ಟಿ, ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಈಗ ಈ ಕ್ಲಬ್ಬಿಗೆ ಬಂದು ಕನ್ನಡ ಬರೆಯೋಕೆ ಕಲೀತಾ ಇರೋನು. ಈ ಬರಹದಲ್ಲಿರೋ ಒತ್ತಕ್ಷರದ ತಪ್ಪುಗಳು ಆ ಮೂರನೆಯವನವು. ಉಳಿದ ತಪ್ಪುಗಳು ಮೂವರಿಗೂ ಸೇರಿದವು.

ಕಳೆದ ಸೆಮಿಸ್ಟರಿನಲ್ಲಿ ಸೀನಿಯರ್ ಒಬ್ಬರು ಕಾಲೇಜು ಮುಗಿಸಿ ಹೋಗುವಾಗ ತಮ್ಮ ಡ್ಯಾಕ್ ಮಾರಿದರು. ತಲಾ 500 ರೂಪಾಯಿ ಹಾಕಿ ತಗೊಂಡ್ವಿ. ಡ್ಯಾಕ್ ಅಂದರೆ ಡಿಜಿಟಲ್ ಟು ಅನಲಾಗ್ ಕನ್ವರ್ಟರ್. ಹಾಡು ಕಂಪ್ಯೂಟರಿನಲ್ಲಿ ಬರೀ ಅಂಕಿಗಳಾಗಿರುತ್ತೆ, ಸ್ಪೀಕರಿಗೆ ಬೇಕಾಗಿರೋದು ವೋಲ್ಟೇಜ್. ಅದನ್ನು ಇದಾಗಿ ಮಾಡೋದೇ ಇದರ ಕೆಲಸ. ಲ್ಯಾಪ್‌ಟಾಪಿನೊಳಗೂ ಒಂದು ಇದ್ದೇ ಇರುತ್ತೆ. ಹೊರಗಿನದು ಯುಎಸ್‌ಬಿಯಿಂದ ಅಂಕಿಗಳನ್ನು ತಗೊಂಡು, ಮದರ್‌ಬೋರ್ಡಿನ ಗದ್ದಲದಿಂದ ದೂರ ಕೂತು ಅದೇ ಕೆಲಸ ಮಾಡುತ್ತೆ.

ಮೊದಲ ದಿನ ಸದ್ದೇ ಇಲ್ಲ. ಹತ್ತು ನಿಮಿಷ ಸೀನಿಯರಿಗೆ ಬೈದ ಮೇಲೆ ಗೊತ್ತಾಯ್ತು: ಸದ್ದು ಎಚ್‌ಡಿಎಂಐ ಕೇಬಲ್ಲಿನಲ್ಲಿ ಮಾನಿಟರ್ ಕಡೆ ಹೋಗ್ತಾ ಇತ್ತು. ಔಟ್‌ಪುಟ್ ಬದಲಾಯಿಸಿದೆವು, ಹಾಡು ಬಂತು.

ಎರಡನೇ ದಿನ ಹಾಡಿನ ಮಧ್ಯೆ ಟಿಕ್ ಟಿಕ್. ಒಂದೇ ಹಬ್ಬಿಗೆ ಹಾರ್ಡ್‌ಡಿಸ್ಕ್, ವೆಬ್‌ಕ್ಯಾಮ್, ಡ್ಯಾಕ್ ಮೂರನ್ನೂ ಸಿಕ್ಕಿಸಿದ್ದೆವು. ಪೆನ್‌ಡ್ರೈವಿಗೆ ಹೋಗೋ ಡೇಟಾ ಕೆಟ್ಟರೆ ಯುಎಸ್‌ಬಿ ಅದನ್ನು ಮತ್ತೆ ಕಳಿಸುತ್ತೆ. ಆಡಿಯೋಗೆ ಹಾಗಿಲ್ಲ, ಅದು ಐಸೋಕ್ರೋನಸ್ ಟ್ರಾನ್ಸ್‌ಫರ್. ಹೊತ್ತಿಗೆ ಬಂದವರಿಗೆ ಉಂಟು, ತಪ್ಪಿಸಿಕೊಂಡವರಿಗೆ ಇಲ್ಲ, ನಮ್ಮ ಮೆಸ್ಸಿನ ಇಡ್ಲಿ ಥರ. ಫುಲ್ ಸ್ಪೀಡ್ ಯುಎಸ್‌ಬಿಯಲ್ಲಿ ಮಿಲಿಸೆಕೆಂಡಿಗೊಂದು ಫ್ರೇಮ್. ಸಿಡಿ ದರದ ಹಾಡಿಗೆ ಸೆಕೆಂಡಿಗೆ 44,100 ಸ್ಯಾಂಪಲ್ ಬೇಕು, ಅಂದರೆ ಫ್ರೇಮಿಗೆ 44.1. ಮುರಿದ ಸ್ಯಾಂಪಲ್ ಕಳಿಸೋಕಾಗಲ್ಲವಲ್ಲ, ಅದಕ್ಕೆ ಒಂಬತ್ತು ಸಲ 44, ಹತ್ತನೇ ಸಲ 45. ಇಷ್ಟು ನಾಜೂಕಾದ ಲೆಕ್ಕವನ್ನು ನಾವು ಸಂತೆಯ ಮಧ್ಯೆ ನಿಲ್ಲಿಸಿದ್ದೆವು. ಡ್ಯಾಕನ್ನು ನೇರ ಲ್ಯಾಪ್‌ಟಾಪಿಗೆ ಹಾಕಿದ ಮೇಲೆ ಟಿಕ್ ನಿಂತಿತು.

ಮೂರನೇದು ಗುಂಯ್ ಅನ್ನೋ ಸದ್ದು. ಚಾರ್ಜರ್ ಕಿತ್ತರೆ ಇಲ್ಲ, ಹಾಕಿದರೆ ಹಾಜರ್. ಲ್ಯಾಪ್‌ಟಾಪ್ ಒಂದು ಗೋಡೆಯ ಪ್ಲಗ್‌ನಲ್ಲಿ, ಆಂಪ್ಲಿಫೈಯರ್ ಇನ್ನೊಂದು ಗೋಡೆಯದರಲ್ಲಿ. ಫಸ್ಟ್ ಇಯರಿನಲ್ಲಿ ಓದಿ ಮರೆತಿದ್ದ ಗ್ರೌಂಡ್ ಲೂಪ್. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆವು, ಅದೂ ಹೋಯ್ತು.

ಇಷ್ಟಾದ ಮೇಲೆ ನಮಗೆ ಸ್ವಲ್ಪ ತಲೆ ತಿರುಗಿತು. ವಿಂಡೋಸ್ ಎಲ್ಲ ಆ್ಯಪ್‌ಗಳ ಸದ್ದನ್ನೂ ಒಂದೇ ಪಾತ್ರೆಗೆ ಸುರಿದು, ಸೆಟ್ಟಿಂಗ್‌ನಲ್ಲಿ ಬರೆದಿರೋ ಒಂದೇ ದರಕ್ಕೆ ತಂದು ಡ್ಯಾಕಿಗೆ ಕೊಡುತ್ತೆ. ಅಲ್ಲಿ 48,000 ಅಂತ ಇದ್ದರೆ ನಿಮ್ಮ 44,100ರ ಹಾಡೂ 48,000 ಆಗಿಯೇ ಹೊರಗೆ ಬರೋದು. ‘ಛೆ, ಕಲಬೆರಕೆ!’ ಅಂದುಕೊಂಡು ಪ್ಲೇಯರಿನಲ್ಲಿ ಎಕ್ಸ್‌ಕ್ಲೂಸಿವ್ ಮೋಡ್ ಹಾಕಿದೆವು. ಈಗ ಪ್ಲೇಯರಿಗೂ ಡ್ಯಾಕಿಗೂ ನೇರ ಮಾತು, ಮಧ್ಯೆ ಯಾರೂ ಇಲ್ಲ. ಒಂದು ಬಿಟ್ ಕೂಡ ಬದಲಾಗದೆ ಹಾಡು ಬರುತ್ತೆ ಅಂತ ಪಕ್ಕದ ರೂಮಿನವರನ್ನೆಲ್ಲ ಕರೆದು ಕೂರಿಸಿ ಭಾಷಣ ಮಾಡಿದೆವು. ನಿಜ ಹೇಳಬೇಕಂದ್ರೆ, ಮೊದಲಿಗೂ ಈಗಲಿಗೂ ವ್ಯತ್ಯಾಸ ನಮ್ಮಲ್ಲಿ ಯಾರ ಕಿವಿಗೂ ಗೊತ್ತಾಗಿರಲಿಲ್ಲ.

ಒಂದು ರಾತ್ರಿ ಹಾಸನದವನು, “ಮಗಾ, ಇದ್ರಲ್ಲಿ ನಮ್ಮಜ್ಜಿದು ಹಾಕ್ತೀನಿ ಇರು” ಅಂದ. ಅಜ್ಜಿ ತೀರಿಕೊಂಡು ಎರಡು ವರ್ಷ. ಅವನು ಹೈಸ್ಕೂಲಿನಲ್ಲಿದ್ದಾಗ ಮನೆಯ ಹಳೇ ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿದ್ದ. ಆ ಫೋನ್ ಈಗಿಲ್ಲ. ಯಾವಾಗಲೋ ವೇವ್ ಮಾಡಿ ಲ್ಯಾಪ್‌ಟಾಪಿಗೆ ಹಾಕಿಟ್ಟಿದ್ದ ಫೈಲ್ ಒಂದೇ ಉಳಿದಿರೋದು.

ಪ್ಲೇ ಒತ್ತಿದ. ‘ಫಾರ್ಮ್ಯಾಟ್ ಸಪೋರ್ಟ್ ಆಗುವುದಿಲ್ಲ’ ಅನ್ನೋ ಅರ್ಥದ ಎರರ್ ಬಂತು. ಮತ್ತೆ ಒತ್ತಿದ, ಮತ್ತೆ ಅದೇ. ಬೇರೆ ಹಾಡು ಹಾಕಿದರೆ ಸರಾಗ. ಅಜ್ಜಿಯ ಫೈಲ್ ಮಾತ್ರ ಇಲ್ಲ.

ಅವನು ಏನೂ ಮಾತಾಡಲಿಲ್ಲ. ಅದೇ ನಮಗೆ ಭಯ ಆಗಿದ್ದು. ಫೈಲ್ ಕೆಟ್ಟಿದೆ ಅಂತ ಮೂವರೂ ತೀರ್ಮಾನ ಮಾಡಿಬಿಟ್ಟೆವು. ಬೆಂಗಳೂರಿನವನು ಎರಡೇ ನಿಮಿಷದಲ್ಲಿ ಯಾವುದೋ ಪುಕ್ಕಟೆ ರಿಪೇರಿ ಸಾಫ್ಟ್‌ವೇರ್ ಇಳಿಸಿ, ಆ ಫೈಲನ್ನೇ ಆರಿಸಿ, ಬಟನ್ ಮೇಲೆ ಮೌಸ್ ಇಟ್ಟಿದ್ದ. ಅಸಲಿನ ಮೇಲೆಯೇ ಬರೆಯೋ ಸಾಫ್ಟ್‌ವೇರ್ ಅದು. ಧಾರವಾಡದವನು ಕೈ ಹಿಡಿದ. “ತಡಿಯೋ ಮಾರಾಯಾ, ಇರೋದ ಒಂದು. ಮೊದ್ಲ ಕಾಪಿ ಮಾಡು. ಆಮ್ಯಾಲ ಲೆಕ್ಕಾ ನೋಡೂಣು.”

ಲೆಕ್ಕ ನೋಡಿದೆವು. ಫೈಲ್ ಹತ್ತಿರ ಹತ್ತಿರ 64 ಲಕ್ಷ ಬೈಟ್. ಪ್ರಾಪರ್ಟೀಸ್‌ನಲ್ಲಿ ಮೋನೋ, 16 ಬಿಟ್, 8,000 ಹರ್ಟ್ಸ್ ಅಂತ ಇತ್ತು. ಸೆಕೆಂಡಿಗೆ 8,000 ಸ್ಯಾಂಪಲ್, ಒಂದೊಂದಕ್ಕೆ 2 ಬೈಟ್, ಅಂದರೆ 16,000 ಬೈಟ್. ಭಾಗಿಸಿದರೆ 400 ಸೆಕೆಂಡ್. ತೋರಿಸುತ್ತಿದ್ದ ಅವಧಿ 6 ನಿಮಿಷ 40 ಸೆಕೆಂಡ್. ಅಲ್ಲಿಗಲ್ಲಿಗೆ ಸರಿಹೋಯ್ತು. ಫೈಲ್ ಪೂರ್ತಿಯಾಗಿದೆ!

ಹಾಗಾದರೆ ತಪ್ಪು ಯಾರದು? ಡ್ಯಾಕ್ ಒಪ್ಪುವ ದರಗಳ ಪಟ್ಟಿ ತೆಗೆದು ನೋಡಿದೆವು. ಶುರುವಾಗೋದೇ 44,100ರಿಂದ. 8,000 ಅದರಲ್ಲಿ ಇಲ್ಲವೇ ಇಲ್ಲ. ‘ಸಪೋರ್ಟ್ ಆಗಲ್ಲ’ ಅಂದಿದ್ದು ಡ್ಯಾಕಿನ ವಿಷಯ, ನಾವು ಅದನ್ನು ಅಜ್ಜಿಯ ಫೈಲಿಗೆ ಅಂಟಿಸಿದ್ದೆವು. ಎಂಟು ಸಾವಿರವನ್ನು ಮೇಲೆತ್ತಿ ಡ್ಯಾಕಿಗೆ ಮುಟ್ಟಿಸಬೇಕಾಗಿದ್ದ ಮಧ್ಯವರ್ತಿಯನ್ನು ಕಲಬೆರಕೆ ಅಂತ ಓಡಿಸಿದವರು ನಾವೇ.

ಎಕ್ಸ್‌ಕ್ಲೂಸಿವ್ ಟಿಕ್ ತೆಗೆದೆವು. ಈಗ ವಿಂಡೋಸ್ 8,000ವನ್ನು 48,000ಕ್ಕೆ ಏರಿಸಿತು. ಸರಿಯಾಗಿ ಆರು ಪಟ್ಟು. ಅಜ್ಜಿ ಮಾತಾಡಿದರು.

ಸೆಕೆಂಡಿಗೆ 8,000 ಸ್ಯಾಂಪಲ್ ಅಂದರೆ 4,000 ಹರ್ಟ್ಸ್‌ನ ಮೇಲಿನದೆಲ್ಲ ಇಲ್ಲ. ದನಿ ಡಬ್ಬದೊಳಗಿಂದ ಬಂದ ಹಾಗಿತ್ತು, ‘ಸ’ ಮತ್ತು ‘ಶ’ ಒಂದೇ ಥರ ಕೇಳ್ತಿತ್ತು. “ಇದು ಅಜ್ಜಿ ಮಾತಾ, ನೈಕ್ವಿಸ್ಟ್ ಮಾಡಿದ್ದಾ?” ಅಂದರೆ ಹಾಸನದವನು ಕಣ್ಣೊರೆಸಿಕೊಂಡು ನಗುತ್ತಾ, “ಎರಡೂ ಮಗಾ” ಅಂದ.

ಅಜ್ಜಿ ಹೇಳ್ತಾ ಇದ್ದದ್ದು ಹಗೇವಿನ ಕಥೆ. ಬೆಂಗಳೂರಿನವನಿಗೆ ಆ ಪದವೇ ಗೊತ್ತಿರಲಿಲ್ಲ. ನೆಲದಲ್ಲಿ ಗುಂಡಿ ತೋಡಿ ರಾಗಿ ತುಂಬಿಡುವ ಕಣಜ. “ಹಗೇವು ತೆಗ್ದ ತಕ್ಷಣ ಇಳೀಬಾರ್ದು ಕಣಪ್ಪ. ಬಾಯಿ ತೆಗ್ದು ಬಿಟ್ಟಿರ್ಬೇಕು. ಆಮೇಲೆ ದೀಪ ಇಳಿಬಿಟ್ಟು ನೋಡ್ಬೇಕು. ದೀಪ ಆರೋದ್ರೆ ಒಳಗೆ ಗಾಳಿ ಕೆಟ್ಟದೆ ಅಂತ. ದೀಪ ಉರುದ್ರೆ ಮನ್ಸ ಇಳೀಬೋದು.”

ರಿಪೇರಿ ಬಟನ್ ಮೇಲೆ ಮೌಸ್ ಇಟ್ಟಿದ್ದವನು ತಲೆ ತಗ್ಗಿಸಿದ. ಲ್ಯಾಬಿನಲ್ಲಿ ಎಷ್ಟು ಸಲ ಕೇಳಿದ್ದೆವೋ ಏನೋ, ಮೊದಲು ಅಳೆ, ಆಮೇಲೆ ಕೈ ಹಾಕು ಅಂತ. ತಲೆಗೆ ಹೋಗಿರಲಿಲ್ಲ.

ಈಗ ಆ ಫೈಲ್ ಮೂವರ ಹತ್ತಿರವೂ ಇದೆ, ಹಾಸನದ ಮನೆಯ ಪೆನ್‌ಡ್ರೈವಿನಲ್ಲೂ ಇದೆ. ಎಕ್ಸ್‌ಕ್ಲೂಸಿವ್ ಮೋಡ್ ಮತ್ತೆ ಹಾಕಿಲ್ಲ. ಬೆಂಗಳೂರಿನವನು ಕಳೆದ ರಜೆಗೆ ಹೋದಾಗ, “ಅಜ್ಜಿ, ಹಗೇವು ಅಂದ್ರೆ ಗೊತ್ತಾ?” ಅಂತ ಅವರ ಅಜ್ಜಿಯನ್ನ ಕೇಳಿದ. ಅವರು ಮುಕ್ಕಾಲು ಗಂಟೆ ಮಾತಾಡಿದರಂತೆ. ರೆಕಾರ್ಡ್ ಮಾಡಿಕೊಂಡು ಬಂದಿದ್ದಾನೆ, 48,000ದಲ್ಲಿ.