ರ ಗ ಸ ದ ಅ

ಶಾಲೆಗೆ ಸೇರಿ ತಿಂಗಳಾದರೂ ಮಗುವಿಗೆ 'ಅ ಆ ಇ ಈ' ಬಾರದಿದ್ದರೆ ಯಾವ ಹೆತ್ತವರಿಗೆ ಸಿಟ್ಟು ಬಾರದು? 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ನಲಿ-ಕಲಿ ಬಂತು. ಸಿಂಧನೂರು, ಲಿಂಗಸುಗೂರು, ಮಸ್ಕಿಗೂ ಬಂತು. ಅದರಲ್ಲಿ ಮಗು ಮೊದಲು ಕಲಿಯುವುದು 'ರ ಗ ಸ ದ ಅ'. ಈ ಐದೇ ಅಕ್ಷರದಲ್ಲಿ ಸರ, ಅಗಸ, ಅರಸ, ಗರಗಸ ಎಲ್ಲ ಓದಿಬಿಡಬಹುದು! ಆದರೆ ಇದನ್ನು ಮನೆಯವರಿಗೆ ತಿಳಿಹೇಳಬೇಕಾದ ಗುರುಗಳಿಗೇ ಮೊದಲು ನಂಬಿಕೆ ಬರಬೇಕಲ್ಲ? ಕುರ್ಚಿ ಬಿಟ್ಟು ಮಕ್ಕಳೊಡನೆ ನೆಲದ ಮೇಲೆ ಕೂರಬೇಕು. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು, ಐದು ಗುಂಪು. ಕಲಿಕಾ ಏಣಿಯಲ್ಲಿ ಒಬ್ಬೊಬ್ಬರದು ಒಂದೊಂದು ಮೆಟ್ಟಿಲು. ಕಾರ್ಡು ಹರಿದರೆ ಹೊಸದು ಎಲ್ಲಿಂದ ತರುವುದು? ಗೊಣಗಿದವರನ್ನೆಲ್ಲ ಸೋಮಾರಿಗಳೆಂದರೆ ಅನ್ಯಾಯವಾದೀತು.

ಸೋಜಿಗವೆಂದರೆ, ಇದು ಕಚೇರಿಯಲ್ಲಿ ಹುಟ್ಟಿದ್ದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ಕಂಡು ಬಂದು, ತಾವೇ ಕೂತು ರೂಪಿಸಿದ್ದು. ತಾವೇ ಮಾಡಿದ್ದನ್ನು ಯಾರು ಬೇಡವೆನ್ನುತ್ತಾರೆ? ರಾಯಚೂರು ಸೀಮೆ ತಲುಪುವಷ್ಟರಲ್ಲಿ ಅದು ಸುತ್ತೋಲೆಯಾಗಿತ್ತು. (ಮಸ್ಕಿಗೆ ದೂರದ ಆಜ್ಞೆ ಹೊಸದೇನಲ್ಲ ಬಿಡಿ, ಅಶೋಕನದೇ ಅಲ್ಲಿ ಬಂಡೆಯ ಮೇಲಿದೆ.)

ಆದರೂ ಮಗುವೊಂದು ತಾನೇ 'ಗರಗಸ' ಎಂದು ಕೂಡಿಸಿ ಓದಿ ಕಿಲಕಿಲ ನಕ್ಕಾಗ, ಗೊಣಗುತ್ತಿದ್ದ ಗುರುಗಳೇ ಹರಿದ ಕಾರ್ಡನ್ನು ಮನೆಗೊಯ್ದು ರಟ್ಟಿಗೆ ಅಂಟಿಸಿ ತರುತ್ತಾರೆ. ಅದಕ್ಕೆ ಯಾವ ಸುತ್ತೋಲೆಯೂ ಇಲ್ಲ.